ಸೂಪರ್‌ಹೀರೋ ಸಿನಿಮಾ ಅಂದರೆ ಮಕ್ಕಳ ಸಿನಿಮಾನಾ? ಟಿಕೆಟ್ ತೆಗೆಸುವ ಮುನ್ನ ಹತ್ತು ನಿಮಿಷದ ಪರೀಕ್ಷೆ

ಹೊಸ ಸೂಪರ್‌ಹೀರೋ ಸಿನಿಮಾ ಬಂತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು: ‘ಮಕ್ಕಳಿಗೆ ರಜೆ ಇದೆ, ಕರಕೊಂಡು ಹೋಗಿ, ಪಕ್ಕಾ ಫ್ಯಾಮಿಲಿ ಸಿನಿಮಾ.’ ಇನ್ನೊಂದು: ‘ಇಂಥ ಸಿನಿಮಾ ತೋರಿಸಿದರೆ ಮಕ್ಕಳ ಮೆದುಳೇ ಹಾಳಾಗುತ್ತದೆ, ಎಲ್ಲರಿಗೂ ಕಳಿಸಿ.’ ಎರಡೂ ಅರ್ಧ ಸತ್ಯ. ಸೂಪರ್‌ಹೀರೋ ಎಂಬ ಹೆಸರಿನಿಂದ ಸಿನಿಮಾ ಮಕ್ಕಳದ್ದೂ ಆಗುವುದಿಲ್ಲ, ವಿಷವೂ ಆಗುವುದಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಪೋಷಕರಿಗೆ ಈ ಪ್ರಶ್ನೆ ಎರಡು ಕಡೆ ಎದುರಾಗುತ್ತದೆ. ಒಂದು, ರಜೆಯಲ್ಲಿ ಮಕ್ಕಳನ್ನು ಊರಿನ ಚಿತ್ರಮಂದಿರಕ್ಕೋ, ಬೆಳಗಾವಿ, ಹುಬ್ಬಳ್ಳಿ, ವಿಜಯಪುರಕ್ಕೋ ಕರಕೊಂಡು ಹೋಗುವಾಗ. ಇನ್ನೊಂದು, ಅಪ್ಪ-ಅವ್ವ ಮಗ್ಗದ ಮುಂದೆಯೋ ಕಬ್ಬಿನ ಹೊಲದಲ್ಲೋ ಇರುವಾಗ ಮಗುವಿನ ಕೈಗೆ ಫೋನ್ ಸಿಕ್ಕಾಗ. ಎರಡೂ ಕಡೆ ಬಳಸಬಹುದಾದ ಮಾಹಿತಿ ಇಲ್ಲಿದೆ.

ಚುಟುಕಾಗಿ ಹೇಳುವುದಾದರೆ

• ಸಿನಿಮಾಗೆ ಯಾವ ಪ್ರಮಾಣಪತ್ರ ಸಿಕ್ಕಿದೆ ಎಂದು ಮೊದಲು ನೋಡಿ. ಅದೇ ಕೊನೆಯ ಮಾತಲ್ಲ.
• 7 ವರ್ಷದೊಳಗಿನ ಮಗು ಕಥೆಯನ್ನಲ್ಲ, ಮುಖ, ಶಬ್ದ, ಬೆಂಕಿಯನ್ನು ನೋಡುತ್ತದೆ.
• ಹೊಡೆದಾಟ ಎಷ್ಟಿದೆ ಎನ್ನುವುದರ ಜೊತೆಗೆ, ಹೊಡೆತ ತಿಂದವರಿಗೆ ನೋವಾಗುವುದನ್ನು ತೋರಿಸಿದ್ದಾರಾ ಎನ್ನುವುದೂ ಮುಖ್ಯ.
• ಜೊತೆಗೆ ಕೂತು ನೋಡಿ, ನೋಡಿದ ಮೇಲೆ ಮಾತಾಡಿ.

ಪ್ರಮಾಣಪತ್ರ ಏನು ಹೇಳುತ್ತದೆ?

ಭಾರತದಲ್ಲಿ ಚಿತ್ರಮಂದಿರಕ್ಕೆ ಬರುವ ಪ್ರತಿ ಸಿನಿಮಾಗೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಪ್ರಮಾಣಪತ್ರ ಕೊಡಬೇಕು. ಜನ ಇದನ್ನು ‘ಸೆನ್ಸಾರ್’ ಅನ್ನುತ್ತಾರೆ. ಸಿನಿಮಾ ಶುರುವಾಗುವ ಮೊದಲು ಕೆಲವು ಸೆಕೆಂಡ್ ಪರದೆಯ ಮೇಲೆ ಬರುವ ಕಾಗದ ಅದೇ. ಆದರೆ ಆ ಹೊತ್ತಿಗೆ ನೀವು ಟಿಕೆಟ್ ತೆಗೆಸಿ ಒಳಗೆ ಕೂತಿರುತ್ತೀರಿ. ಆದ್ದರಿಂದ ಪೋಸ್ಟರಿನ ಮೂಲೆಯಲ್ಲಿ ಅಥವಾ ಟಿಕೆಟ್ ಬುಕಿಂಗ್ ಆ್ಯಪ್‌ನಲ್ಲಿ ಸಿನಿಮಾದ ಹೆಸರಿನ ಬಳಿ ಇರುವ ಅಕ್ಷರವನ್ನು ಮೊದಲೇ ನೋಡಿಕೊಳ್ಳಿ.

• ಯು: ಎಲ್ಲ ವಯಸ್ಸಿನವರೂ ನೋಡಬಹುದು.
• ಯುಎ 7+, ಯುಎ 13+, ಯುಎ 16+: ಆ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ತೋರಿಸುವ ಮುನ್ನ ಪೋಷಕರು ಯೋಚಿಸಬೇಕು.
• ಎ: 18 ವರ್ಷ ತುಂಬಿದವರಿಗೆ ಮಾತ್ರ.
• ಎಸ್: ವೈದ್ಯರಂಥ ನಿರ್ದಿಷ್ಟ ವರ್ಗದವರಿಗೆ ಮಾತ್ರ.

ಮೊದಲು ಯುಎ ಎಂಬುದು ಒಂದೇ ಇತ್ತು, ಮತ್ತು ಅದು 12 ವರ್ಷದೊಳಗಿನ ಮಕ್ಕಳ ಪೋಷಕರಿಗೆ ಎಚ್ಚರಿಕೆ ಎಂದಿತ್ತು. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ಹೊಸ ನಿಯಮಗಳು ಬಂದ ಮೇಲೆ ಅದನ್ನು ಮೂರು ಮಾಡಲಾಯಿತು. 7 ವರ್ಷದ ಮಗು ಮತ್ತು 15 ವರ್ಷದ ಹುಡುಗ ಒಂದೇ ಅಲ್ಲ ಎಂಬ ಸರಳ ಸತ್ಯಕ್ಕೆ ಈಗ ಕಾಯ್ದೆಯಲ್ಲೂ ಜಾಗ ಸಿಕ್ಕಿದೆ.

ಇಲ್ಲಿ ಬಹಳ ಜನ ತಪ್ಪು ತಿಳಿದುಕೊಂಡಿರುವ ಒಂದು ವಿಷಯವಿದೆ. ಯುಎ ಜೊತೆಗಿನ ಸಂಖ್ಯೆ ಪೋಷಕರಿಗೆ ಕೊಡುವ ಸೂಚನೆ. ಯುಎ 16+ ಸಿನಿಮಾಗೆ ನೀವು 6 ವರ್ಷದ ಮಗುವನ್ನು ಕರಕೊಂಡು ಹೋದರೂ ಗೇಟಿನಲ್ಲಿ ನಿಂತವರು ತಡೆಯಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಂದರೆ ‘ಒಳಗೆ ಬಿಟ್ಟರಲ್ಲ, ಹಾಗಾದರೆ ಪರವಾಗಿಲ್ಲ’ ಎನ್ನುವ ಲೆಕ್ಕ ತಪ್ಪು. ತೀರ್ಮಾನ ನಿಮ್ಮದೇ.

ಎ ಹಾಗಲ್ಲ. ಅಲ್ಲಿ ಮಕ್ಕಳಿಗೆ ಪ್ರವೇಶವೇ ಇಲ್ಲ. ಪೋಷಕರು ಜೊತೆಗಿದ್ದರೂ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ರಜನಿಕಾಂತ್ ಅವರ ‘ಕೂಲಿ’ಗೆ ಎ ಸಿಕ್ಕಿತ್ತು. ಯುಎ ಕೊಡಿಸಬೇಕೆಂದು ನಿರ್ಮಾಣ ಸಂಸ್ಥೆ ಮದ್ರಾಸ್ ಹೈಕೋರ್ಟ್‌ಗೆ ಹೋದರೂ ಅರ್ಜಿ ವಜಾ ಆಯಿತು. ದೊಡ್ಡ ನಟನ ಸಿನಿಮಾ ಅಂದರೆ ಮನೆಮಂದಿಯೆಲ್ಲ ನೋಡುವ ಸಿನಿಮಾ ಎಂಬ ನಂಬಿಕೆಗೆ ಇದು ಉತ್ತರ. ಸೂಪರ್‌ಹೀರೋಗಳಲ್ಲೂ ಹೀಗೇ. ಕೆಂಪು ಉಡುಪು, ತಮಾಷೆಯ ಮಾತು ನೋಡಿ ‘ಡೆಡ್‌ಪೂಲ್’ ಮಕ್ಕಳಿಗೆ ಇಷ್ಟವಾಗುತ್ತದೆ ಅಂದುಕೊಳ್ಳುವವರಿದ್ದಾರೆ. ಆ ಸಿನಿಮಾಗಳಿಗೆ ಭಾರತದಲ್ಲಿ ಸಿಕ್ಕಿದ್ದು ಎ ಪ್ರಮಾಣಪತ್ರ. ಮುಧೋಳದಿಂದ ಮಕ್ಕಳ ಸಮೇತ ಬೆಳಗಾವಿಗೆ ಹೋಗಿ ಬಾಗಿಲಲ್ಲೇ ವಾಪಸ್ ಆಗುವುದಕ್ಕಿಂತ ಮನೆಯಲ್ಲೇ ಒಂದು ಅಕ್ಷರ ನೋಡಿಕೊಳ್ಳುವುದು ಸುಲಭ.

ಪ್ರಮಾಣಪತ್ರ ಹೇಳದ್ದು ಏನು?

ಯುಎ 13+ ಎಂದಷ್ಟೇ ಬರೆದಿದ್ದರೆ ಅದು ರಕ್ತಕ್ಕಾಗಿಯೋ, ಬೈಗುಳಕ್ಕಾಗಿಯೋ, ಭಯದ ದೃಶ್ಯಕ್ಕಾಗಿಯೋ ಗೊತ್ತಾಗುವುದಿಲ್ಲ. ಮಂಡಳಿಯ ಕಣ್ಣು ಮತ್ತು ಪೋಷಕರ ಕಣ್ಣು ಯಾವಾಗಲೂ ಒಂದೇ ಕಡೆ ನೋಡುವುದಿಲ್ಲ. 2025ರ ಜುಲೈನಲ್ಲಿ ಬಂದ ‘ಸೂಪರ್‌ಮ್ಯಾನ್’ ಯುಎ 13+ ಪಡೆಯಿತು, ಅದರಲ್ಲಿ ಕತ್ತರಿ ಬಿದ್ದು ಸುದ್ದಿಯಾದದ್ದು ಚುಂಬನದ ದೃಶ್ಯಕ್ಕೆ. ಆದರೆ 5 ವರ್ಷದ ಮಗುವಿನ ನಿದ್ದೆ ಕೆಡಿಸುವುದು ಚುಂಬನವಲ್ಲ, ಕಟ್ಟಡಗಳು ಕುಸಿಯುವ ದೃಶ್ಯ, ಪ್ರೀತಿಯ ಪಾತ್ರಕ್ಕೆ ಅಪಾಯ ಬರುವ ದೃಶ್ಯ.

ಒಟಿಟಿಯಲ್ಲಿ ಸಿನಿಮಾ ನೋಡುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಅಲ್ಲೂ ಯು, ಯುಎ 7+, 13+, 16+, ಎ ಎಂದು ತೋರಿಸಬೇಕು. ಹಿಂಸೆ, ಬೈಗುಳ, ಮಾದಕ ವಸ್ತು ಇದ್ದರೆ ಅದನ್ನೂ ಹೇಳಬೇಕು. ಹೀಗಾಗಿ ಒಟಿಟಿಯಲ್ಲಿ ಶುರುವಿನ ಆ ಒಂದು ಸಾಲು ಚಿತ್ರಮಂದಿರದ ಅಕ್ಷರಕ್ಕಿಂತ ಹೆಚ್ಚು ಮಾಹಿತಿ ಕೊಡುತ್ತದೆ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರ ಲಾಕ್ ಸೌಲಭ್ಯ ಕೊಡುವುದು ಕಡ್ಡಾಯ. ಆ ಲಾಕ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಆದರೆ ಅದನ್ನು ನೀವೇ ಹಾಕಬೇಕು.

ದೊಡ್ಡ ಕಿಂಡಿ ಇರುವುದು ಬೇರೆ ಕಡೆ. ಯೂಟ್ಯೂಬ್‌ನಲ್ಲಿ ಯಾರೋ ಹಾಕಿದ ‘ಬೆಸ್ಟ್ ಫೈಟ್ ಸೀನ್’ ತುಣುಕಿಗೆ, ರೀಲ್ಸ್‌ಗೆ, ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊಗೆ ಯಾವ ಪ್ರಮಾಣಪತ್ರವೂ ಇರುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಹೀರೋ ಯಾಕೆ ಹೊಡೆದ, ಆಮೇಲೆ ಏನು ಕಳಕೊಂಡ ಎಂಬ ಕಥೆಯಾದರೂ ಇರುತ್ತದೆ. ತುಣುಕಿನಲ್ಲಿ ಉಳಿಯುವುದು ಹೊಡೆತ ಮಾತ್ರ. ಚಿತ್ರಮಂದಿರಕ್ಕೆ ಕರಕೊಂಡು ಹೋಗದ ಪೋಷಕರ ಮಕ್ಕಳೂ ಫೋನಿನಲ್ಲಿ ಅದೇ ಸಿನಿಮಾದ ಅತಿ ಹಿಂಸೆಯ ಭಾಗವನ್ನು ನೋಡಿ ಮುಗಿಸಿರಬಹುದು.

ಮಗುವಿನ ಕಣ್ಣು ಏನು ನೋಡುತ್ತದೆ?

1980ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಗ್ಲೆನ್ ಸ್ಪಾರ್ಕ್ಸ್ ಮತ್ತು ಜೋನ್ ಕ್ಯಾಂಟರ್ ‘ಇನ್‌ಕ್ರೆಡಿಬಲ್ ಹಲ್ಕ್’ ಟಿವಿ ಧಾರಾವಾಹಿಯನ್ನೇ ಹಿಡಿದು ಒಂದು ಅಧ್ಯಯನ ಮಾಡಿದರು. ಹಲ್ಕ್ ಒಳ್ಳೆಯವನು. ಆಪತ್ತಿನಲ್ಲಿರುವವರನ್ನು ಕಾಪಾಡುತ್ತಾನೆ. ಆದರೂ ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಹೆಚ್ಚು ಹೆದರಿದ್ದು ಸಾಧಾರಣ ಮನುಷ್ಯ ಹಸಿರು ದೈತ್ಯನಾಗಿ ಬದಲಾಗುವ ಆ ಕ್ಷಣಕ್ಕೇ. ಅವನು ಕಾಪಾಡಲು ಬಂದಿದ್ದಾನೆ ಎಂಬ ಕಥೆ ಅವರ ಭಯವನ್ನು ತಗ್ಗಿಸಲಿಲ್ಲ. ದೊಡ್ಡ ಮಕ್ಕಳಿಗೆ ಹಲ್ಕ್ ಬಂದಾಗ ಸಮಾಧಾನ. ಅವರಿಗೆ ಹೆದರಿಕೆ ಆದದ್ದು ಅದಕ್ಕೂ ಮೊದಲು, ಪಾತ್ರಗಳು ಅಪಾಯದಲ್ಲಿದ್ದಾಗ.

ಇದರಿಂದ ಒಂದು ಸರಳ ಲೆಕ್ಕ ಸಿಗುತ್ತದೆ. ಪ್ರತಿ ಮಗುವೂ ಬೇರೆ, ಆದರೂ ಸಾಮಾನ್ಯವಾಗಿ ಹೀಗಿರುತ್ತದೆ:

• 5 ವರ್ಷದೊಳಗೆ: ರೂಪವೇ ಎಲ್ಲ. ವಿಕಾರ ಮುಖ, ದಿಢೀರ್ ಶಬ್ದ, ಕತ್ತಲೆ, ಅವ್ವನಿಂದ ದೂರವಾಗುವ ಮಗು, ಇವೇ ಹೆದರಿಸುತ್ತವೆ. ‘ಅದು ಸುಳ್ಳು’ ಎಂದು ಹೇಳಿದರೆ ಸಮಾಧಾನವಾಗುವುದಿಲ್ಲ.
• 5ರಿಂದ 7: ನಿಜ ಯಾವುದು, ನಟನೆ ಯಾವುದು ಎಂಬ ಗೆರೆ ಇನ್ನೂ ಮಸುಕು. ನೋಡಿದ್ದನ್ನು ಆಡಿ ನೋಡುವ ಆಸೆ ಜಾಸ್ತಿ.
• 8ರಿಂದ 12: ‘ಇದು ಸಿನಿಮಾ’ ಎಂದು ಗೊತ್ತು. ಆದರೆ ನಿಜವಾಗಿಯೂ ಆಗಬಹುದಾದ್ದು ಹೆದರಿಸುತ್ತದೆ: ಅಪಘಾತ, ಅಪ್ಪ ಸಾಯುವುದು, ಮನೆ ಕಳಕೊಳ್ಳುವುದು.
• 13ರ ಮೇಲೆ: ಭಯಕ್ಕಿಂತ ದೊಡ್ಡ ಪ್ರಶ್ನೆ ‘ಹೀರೋತನ’ದ ಬಗ್ಗೆ. ಗಂಡಸು ಅಂದರೆ ಹೊಡೆಯುವವನಾ? ಸೇಡು ಅಂದರೆ ನ್ಯಾಯವಾ?

ಹೊಡೆದಾಟ ನೋಡಿದ ಮಗು ಹೊಡೆಯುತ್ತದಾ?

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಗಾಳಿ ತುಂಬಿದ ‘ಬೊಬೊ’ ಎಂಬ ಬೊಂಬೆಯನ್ನು ದೊಡ್ಡವರೊಬ್ಬರು ಹೊಡೆಯುವುದನ್ನು ಕೆಲವು ಮಕ್ಕಳು ನೋಡಿದರು. ಆಮೇಲೆ ಆಟಕ್ಕೆ ಬಿಟ್ಟಾಗ ಆ ಮಕ್ಕಳೇ ಹೆಚ್ಚಾಗಿ ಬೊಂಬೆಗೆ ಹೊಡೆದರು, ಅದೂ ನೋಡಿದ ರೀತಿಯಲ್ಲೇ. 1963ರಲ್ಲಿ ಅದನ್ನೇ ಚಲನಚಿತ್ರದ ಮೂಲಕ ತೋರಿಸಿದಾಗಲೂ ಮಕ್ಕಳು ಅನುಕರಿಸಿದರು. ಆಮೇಲಿನ ಒಂದು ಪ್ರಯೋಗದಲ್ಲಿ ಹೊಡೆದವನಿಗೆ ಶಿಕ್ಷೆಯಾಗುವುದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು, ಬಹುಮಾನ ಸಿಗುವುದನ್ನು ನೋಡಿದವರು ಹೆಚ್ಚು ಅನುಕರಿಸಿದರು.

ಸೂಪರ್‌ಹೀರೋ ಸಿನಿಮಾದ ತೊಡಕು ಇಲ್ಲೇ ಇದೆ. ಅಲ್ಲಿ ಹೊಡೆಯುವವನಿಗೆ ಶಿಕ್ಷೆಯಲ್ಲ, ಚಪ್ಪಾಳೆ. 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಮ್ಮೇಳನದಲ್ಲಿ ಮಂಡಿಸಿದ ಒಂದು ಅಧ್ಯಯನ 2015 ಮತ್ತು 2016ರ 10 ಸೂಪರ್‌ಹೀರೋ ಸಿನಿಮಾಗಳಲ್ಲಿ ಹಿಂಸೆಯ ದೃಶ್ಯಗಳನ್ನು ಎಣಿಸಿತು. ಗಂಟೆಗೆ ಸರಾಸರಿ ಒಳ್ಳೆಯವರು ಮಾಡಿದ ಹಿಂಸೆ ಸುಮಾರು 23, ಕೆಟ್ಟವರು ಮಾಡಿದ್ದು ಸುಮಾರು 18. ಖಳನಾಯಕನಿಗಿಂತ ನಾಯಕನೇ ಹೆಚ್ಚು ಹೊಡೆಯುತ್ತಾನೆ, ಮತ್ತು ಮಕ್ಕಳು ಆಗಬಯಸುವುದು ನಾಯಕನಂತೆ.

2017ರಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕಾಯ್ನ್ ಮತ್ತು ಸಂಗಡಿಗರು 240 ಪುಟ್ಟ ಮಕ್ಕಳ ಅಧ್ಯಯನ ಪ್ರಕಟಿಸಿದರು. ಸೂಪರ್‌ಹೀರೋಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳಲ್ಲಿ ಒಂದು ವರ್ಷದ ನಂತರ ಜಗಳಗಂಟತನ ಹೆಚ್ಚು ಕಂಡಿತು. ದುರ್ಬಲರ ಪರ ನಿಲ್ಲುವ ಗುಣ ಮಾತ್ರ ಹೆಚ್ಚಿರಲಿಲ್ಲ. ಮಕ್ಕಳು ಏಟನ್ನು ಕಲಿತಷ್ಟು ಸುಲಭವಾಗಿ ನೀತಿಯನ್ನು ಕಲಿಯಲಿಲ್ಲ. ಹಾಗಂತ ಸೂಪರ್‌ಹೀರೋಗಳನ್ನು ಮನೆಯಿಂದ ಓಡಿಸಿ ಎಂದು ಕಾಯ್ನ್ ಹೇಳಲಿಲ್ಲ. ಮಿತಿ ಇರಲಿ, ಪೋಷಕರು ಮಾತಾಡಲಿ ಎಂಬುದು ಅವರ ಸಲಹೆ.

ಇನ್ನೊಂದು ಮುಖವೂ ಇದೆ. ಅದೇ 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ 180 ಮಕ್ಕಳಿಗೆ ಬೇಸರ ಹಿಡಿಸುವ ಕೆಲಸವೊಂದನ್ನು ಕೊಟ್ಟರು. ‘ನಾನು ಬ್ಯಾಟ್‌ಮ್ಯಾನ್’ ಎನ್ನುವಂತೆ ತಮಗಿಷ್ಟದ ಪಾತ್ರವಾಗಿ ಯೋಚಿಸಿದ ಮಕ್ಕಳು ಹೆಚ್ಚು ಹೊತ್ತು ಕೆಲಸ ಬಿಡದೆ ಕೂತರು. ಹೀರೋ ಒಳ್ಳೆಯದಕ್ಕೂ ಬರುತ್ತಾನೆ, ಯಾವ ಗುಣವನ್ನು ಎತ್ತಿ ಹಿಡಿಯುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ.

ಹಾಗಾದರೆ ‘ಮೆದುಳು ಹಾಳಾಗುತ್ತದೆ’ ಎಂಬ ಫಾರ್ವರ್ಡ್? ಒಂದು ಸಿನಿಮಾ ನೋಡಿದ್ದರಿಂದ ಮಗು ಅಪರಾಧಿಯಾಗುತ್ತದೆ ಎಂದು ಈ ಯಾವ ಅಧ್ಯಯನವೂ ಹೇಳುವುದಿಲ್ಲ. ಕಾಯ್ನ್ ಅವರದ್ದು ಎರಡು ಸಂಗತಿಗಳು ಜೊತೆಗೆ ಕಂಡವು ಎನ್ನುತ್ತದೆಯೇ ಹೊರತು ಒಂದರಿಂದಲೇ ಇನ್ನೊಂದು ಆಯಿತು ಎಂದು ಸಾಬೀತು ಮಾಡುವುದಿಲ್ಲ. ಮನೆಯ ಜಗಳ, ಬಡಿತ, ನಿದ್ದೆಗೇಡು, ಇವುಗಳ ಪರಿಣಾಮ ಸಿನಿಮಾದಿಂದ ಬೇರೆ.

ಅನುಕರಣೆ: ನಿಜವಾದ ಅಪಾಯ

ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ‘ಶಕ್ತಿಮಾನ್’ ನೆನಪಿರುವವರಿಗೆ ಈ ವಿಷಯ ಹೊಸದಲ್ಲ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಅಪಾಯಕ್ಕೆ ಕೈ ಹಾಕಿದರೆಂಬ ಸುದ್ದಿಗಳು ಆಗ ದೇಶದಾದ್ಯಂತ ಬಂದವು. ಅವುಗಳಲ್ಲಿ ಎಷ್ಟು ನಿಜ ಎಂಬ ವಾದವೂ ನಡೆಯಿತು. ಇಂಥ ಸಾಹಸ ಮಾಡಬೇಡಿ ಎಂದು ಮಕ್ಕಳಿಗೆ ಎಚ್ಚರಿಕೆ ಹೇಳುವುದು ಕಾರ್ಯಕ್ರಮದ ಭಾಗವೇ ಆಯಿತು.

ನಮ್ಮ ರಾಜ್ಯದಲ್ಲೂ ನೋವಿನ ಉದಾಹರಣೆಗಳಿವೆ. 2017ರಲ್ಲಿ ಹರಿಹರದಲ್ಲಿ ಪುಟ್ಟ ಬಾಲಕಿಯೊಬ್ಬಳು ಟಿವಿ ಧಾರಾವಾಹಿಯ ದೃಶ್ಯವನ್ನು ಅನುಕರಿಸಲು ಹೋಗಿ ಪ್ರಾಣ ಕಳೆದುಕೊಂಡಳೆಂದು ವರದಿಯಾಗಿತ್ತು. 2022ರಲ್ಲಿ ಚಿತ್ರದುರ್ಗದಲ್ಲಿ ಶಾಲಾ ಕಾರ್ಯಕ್ರಮಕ್ಕಾಗಿ ಸ್ವಾತಂತ್ರ್ಯ ಹೋರಾಟಗಾರನ ಪಾತ್ರದ ತಾಲೀಮು ಮಾಡುತ್ತಿದ್ದ ಬಾಲಕನೊಬ್ಬ ತೀರಿಕೊಂಡ. ಎರಡರಲ್ಲೂ ಸೂಪರ್‌ಹೀರೋ ಸಿನಿಮಾ ಇರಲಿಲ್ಲ. ಪಾಠ ಮಾತ್ರ ಒಂದೇ: ಮಗು ಒಂಟಿಯಾಗಿದ್ದಾಗ ಪಾತ್ರದೊಳಗೆ ಹೋದರೆ ತಡೆಯಲು ಯಾರೂ ಇರುವುದಿಲ್ಲ.

ಇದನ್ನು ನಿಮ್ಮ ಮನೆ, ಊರಿಗೆ ಹೊಂದಿಸಿ ನೋಡಿ. ಕಟಾಂಜನ ಇಲ್ಲದ ಮಾಳಿಗೆ. ಹೊಲದ ತೆರೆದ ಬಾವಿ. ಘಟಪ್ರಭಾ ಎಡದಂಡೆ ಕಾಲುವೆ. ಓಡುತ್ತಿರುವ ವಿದ್ಯುತ್ ಮಗ್ಗ. ಹಿಂದೆ ಜೋತು ಬೀಳಲು ಕರೆಯುವಂತಿರುವ ಕಬ್ಬಿನ ಟ್ರ್ಯಾಕ್ಟರ್. ಹಾರುವ, ಜೋತಾಡುವ, ಕೈಯಿಂದ ವಾಹನ ನಿಲ್ಲಿಸುವ ಹೀರೋನನ್ನು ನೋಡಿ ಬಂದ ಮಗು ಮೊದಲ ಎರಡು ದಿನ ಎಲ್ಲಿ ಆಡುತ್ತದೆ ಎಂಬುದರ ಮೇಲೆ ಕಣ್ಣಿಡಿ.

ವಿಜ್ಞಾನದ ಎರಡು ಸುಳ್ಳುಗಳನ್ನೂ ಬಿಡಿಸಿ ಹೇಳಬೇಕು. ಮಲಯಾಳದ ‘ಮಿನ್ನಲ್ ಮುರಳಿ’ಯಲ್ಲಿ (2021) ಸಿಡಿಲು ಬಡಿದವನಿಗೆ ಶಕ್ತಿ ಬರುತ್ತದೆ. ನಿಜ ಜೀವನದಲ್ಲಿ ಸಿಡಿಲು ಹೃದಯವನ್ನು ನಿಲ್ಲಿಸುತ್ತದೆ, ಸುಡುತ್ತದೆ, ಕೊಲ್ಲುತ್ತದೆ. ಮುಂಗಾರಿಗೂ ಮುಂಚಿನ ಗುಡುಗು ಮಳೆಯಲ್ಲಿ ಹೊಲದಲ್ಲಿದ್ದವರು, ಕುರಿ ಕಾಯುವವರು ಸಿಡಿಲಿಗೆ ಬಲಿಯಾಗುವ ಸುದ್ದಿ ನಮ್ಮ ಕಡೆಗೆ ಹೊಸದಲ್ಲ. ಗುಡುಗು ಕೇಳಿದ ಕೂಡಲೇ ಪಕ್ಕಾ ಮನೆಯೊಳಗೆ ಬರಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು. ಹಾಗೆಯೇ ಜೇಡ ಕಚ್ಚಿದರೆ ಯಾರೂ ಸ್ಪೈಡರ್‌ಮ್ಯಾನ್ ಆಗುವುದಿಲ್ಲ. ಜೇಡ, ಚೇಳು, ಹಾವು ಯಾವುದನ್ನೂ ಕೈಯಲ್ಲಿ ಹಿಡಿಯಬಾರದು, ಕಚ್ಚಿದರೆ ಬಚ್ಚಿಡದೆ ಹೇಳಬೇಕು ಎಂದು ಸ್ಪಷ್ಟವಾಗಿ ತಿಳಿಸಿ.

ಶಬ್ದ, ಬೆಳಕು, ಹೊತ್ತು

ಚಿತ್ರಮಂದಿರದಲ್ಲಿ ಸ್ಫೋಟದ ದೃಶ್ಯಗಳ ಧ್ವನಿ ಕೆಲವು ಕ್ಷಣ 100 ಡೆಸಿಬಲ್ ದಾಟಬಲ್ಲದು. ಕೈಗೂಸು, ಎರಡು-ಮೂರು ವರ್ಷದ ಮಕ್ಕಳಿಗೆ ಇದು ಹಿಂಸೆ. ರಬಕವಿ-ಬನಹಟ್ಟಿ ಕಡೆ ‘ಮಗ್ಗದ ಸದ್ದಿನಲ್ಲೇ ಬೆಳೆದ ಕೂಸು, ಇದೇನು ಮಹಾ’ ಅನ್ನುವವರಿದ್ದಾರೆ. ಕಿವಿಗೆ ಸದ್ದು ‘ರೂಢಿ’ ಆಗುವುದಿಲ್ಲ. ಜೋರು ಸದ್ದಿನಿಂದ ಕಿವಿಯ ಒಳಗಿನ ಸೂಕ್ಷ್ಮ ಜೀವಕೋಶಗಳಿಗೆ ಆಗುವ ಹಾನಿ ಕೂಡುತ್ತಾ ಹೋಗುತ್ತದೆ, ಸತ್ತ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಪರದೆಯ ಹತ್ತಿರ, ಸ್ಪೀಕರಿನ ಪಕ್ಕ ಕೂರಬೇಡಿ.

ಮಿನುಗುವ ಬೆಳಕಿನ ಬಗ್ಗೆ ಮೂರ್ಛೆ ರೋಗ ಇರುವ ಮಕ್ಕಳ ಪೋಷಕರು ಎಚ್ಚರದಿಂದಿರಬೇಕು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೋಕೆಮಾನ್’ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಜನ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. 2018ರಲ್ಲಿ ಸೂಪರ್‌ಹೀರೋ ಕುಟುಂಬದ ಕಥೆಯ ‘ಇನ್‌ಕ್ರೆಡಿಬಲ್ಸ್ 2’ ಬಂದಾಗ ಇದೇ ಕಾರಣಕ್ಕೆ ಎಚ್ಚರಿಕೆಯ ಫಲಕ ಹಾಕುವಂತೆ ಡಿಸ್ನಿ ಸಂಸ್ಥೆ ಚಿತ್ರಮಂದಿರಗಳಿಗೆ ಹೇಳಿತ್ತು. ಎಲ್ಲ ಮೂರ್ಛೆ ರೋಗಿಗಳಿಗೂ ಬೆಳಕಿನಿಂದ ತೊಂದರೆಯಾಗುವುದಿಲ್ಲ, ಅವರಲ್ಲಿ ಸುಮಾರು ನೂರಕ್ಕೆ 3 ಜನರಿಗೆ ಮಾತ್ರ. ನಿಮ್ಮ ಮಗು ಅದರಲ್ಲಿದೆಯಾ ಎಂದು ವೈದ್ಯರನ್ನು ಕೇಳಿ.

ಹೊತ್ತಿನ ಲೆಕ್ಕವೂ ಇದೆ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2021ರ ಮಾರ್ಗಸೂಚಿಯಂತೆ 2 ವರ್ಷದೊಳಗೆ ಪರದೆಯೇ ಬೇಡ, 2ರಿಂದ 5 ವರ್ಷಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, 5ರಿಂದ 10 ವರ್ಷಕ್ಕೆ ಎರಡು ಗಂಟೆಗಿಂತ ಕಡಿಮೆ ಇರಲಿ. ‘ಅವೆಂಜರ್ಸ್: ಎಂಡ್‌ಗೇಮ್’ 181 ನಿಮಿಷದ ಸಿನಿಮಾ. ಅಪರೂಪಕ್ಕೊಮ್ಮೆ ಹೋಗುವುದು ಬೇರೆ. ಮನೆಯಲ್ಲಾದರೆ ಎರಡು-ಮೂರು ದಿನಕ್ಕೆ ಹಂಚಿ ತೋರಿಸಬಹುದು.

ನಮ್ಮ ನೆಲದ ವೀರರಿಂದ ಒಂದು ಅಳತೆ

ಮುಧೋಳ ರನ್ನನ ಊರು. ಸಾವಿರ ವರ್ಷದ ಹಿಂದೆ ಅವನು ಬರೆದ ‘ಗದಾಯುದ್ಧ’ದಲ್ಲಿ ಭೀಮ-ದುರ್ಯೋಧನರ ಕಾಳಗಕ್ಕಿಂತ ದೊಡ್ಡ ಸಾಹಸ ದೃಶ್ಯ ಬೇಕೆ? ಆದರೆ ಆ ಕಾವ್ಯದಲ್ಲಿ ದುರ್ಯೋಧನ ರಣಭೂಮಿಯಲ್ಲಿ ನಡೆಯುತ್ತಾ ಬಿದ್ದವರನ್ನು ಒಬ್ಬೊಬ್ಬರಾಗಿ ಕಂಡು ದುಃಖಿಸುತ್ತಾನೆ. ಸತ್ತವರಿಗೆ ಹೆಸರಿದೆ, ಅವರಿಗಾಗಿ ಅಳುವವರಿದ್ದಾರೆ. ಮುಧೋಳ ತಾಲ್ಲೂಕಿನದೇ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾನೂನಿನ ವಿರುದ್ಧ ಎದ್ದ ಕಥೆಯೂ ಹಾಗೆಯೇ. ಆ ವೀರರು ಸೋತರು, ಊರು ಬೆಲೆ ತೆತ್ತಿತು, ಅದೆಲ್ಲ ಲಾವಣಿಯಲ್ಲಿ ಉಳಿಯಿತು.

ಸಿನಿಮಾಗೂ ಇದೇ ಅಳತೆ ಹಿಡಿಯಿರಿ. ಬಿದ್ದವರಿಗಾಗಿ ಯಾರಾದರೂ ಅಳುತ್ತಾರಾ? ಹೀರೋಗೆ ಗಾಯವಾಗುತ್ತದಾ? ಕುಸಿದ ಕಟ್ಟಡದಲ್ಲಿದ್ದವರ ಗತಿ ಏನೆಂದು ತೋರಿಸುತ್ತಾರಾ? ಅಥವಾ ನೂರು ಜನ ಸತ್ತರೂ ಮುಂದಿನ ದೃಶ್ಯದಲ್ಲಿ ಜೋಕಾ? ರಕ್ತವೇ ಕಾಣದ, ನೋವೇ ಇಲ್ಲದ ಹೊಡೆದಾಟ ‘ಮಕ್ಕಳಿಗೆ ಪರವಾಗಿಲ್ಲ’ ಎನಿಸಬಹುದು. ಆದರೆ ಹೊಡೆದರೆ ಏನೂ ಆಗುವುದಿಲ್ಲ ಎಂದು ಪುಟ್ಟ ಮಕ್ಕಳಿಗೆ ಕಲಿಸುವುದು ಅಂಥ ದೃಶ್ಯವೇ.

ನೋಡುವ ರೀತಿಯನ್ನೂ ನಮ್ಮ ದೊಡ್ಡಾಟದಿಂದ ಕಲಿಯಬಹುದು. ರಾಕ್ಷಸ ಪಾತ್ರ ಅಬ್ಬರಿಸಿ ರಂಗಕ್ಕೆ ಬಂದಾಗ ಕೂಸು ಆಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ, ಆಯಿ ಬೆನ್ನು ಸವರುತ್ತಾಳೆ. ಬೆಳಿಗ್ಗೆ ಅದೇ ಪಾತ್ರಧಾರಿ ಚಹಾದಂಗಡಿಯಲ್ಲಿ ಕೂತಿರುವುದನ್ನು ಮಗು ನೋಡುತ್ತದೆ. ಭಯವೂ ಆಯಿತು, ಅದು ವೇಷವೆಂದೂ ತಿಳಿಯಿತು. ಫೋನ್ ಹಿಡಿದು ಒಂಟಿಯಾಗಿ ಮೂಲೆಯಲ್ಲಿ ಕೂತ ಮಗುವಿಗೆ ಈ ಎರಡೂ ಸಿಗುವುದಿಲ್ಲ.

ಹತ್ತು ನಿಮಿಷದ ಪರೀಕ್ಷೆ

1. ಪ್ರಮಾಣಪತ್ರದ ವಯಸ್ಸು ನಿಮ್ಮ ಮಗುವಿನ ವಯಸ್ಸಿಗಿಂತ ಹೆಚ್ಚಿದೆಯಾ? ಎರಡು ವರ್ಷಕ್ಕಿಂತ ಹೆಚ್ಚು ಅಂತರವಿದ್ದರೆ ಬಿಟ್ಟುಬಿಡಿ. ಎ ಇದ್ದರೆ ಅಲ್ಲಿಗೇ ಮುಗಿಯಿತು.
2. ಟ್ರೇಲರನ್ನು ಮೊದಲು ನೀವೊಬ್ಬರೇ ನೋಡಿ. ಖಳನ ಮುಖ, ಸಾವಿನ ದೃಶ್ಯ ಹೇಗಿದೆ ಗಮನಿಸಿ.
3. ಸಿನಿಮಾ ನೋಡಿ ಬಂದ ಪರಿಚಯದವರನ್ನು ಕೇಳಿ. ‘ಚಲೋ ಐತೇನ್ರಿ?’ ಎಂದು ಕೇಳಬೇಡಿ, ‘ಆರು ವರ್ಷದ ಕೂಸಿಗೆ ತೋರಿಸಬಹುದೇನ್ರಿ? ಹೆದರೋ ಸೀನ್ ಯಾವುವು?’ ಎಂದು ಕೇಳಿ.
4. ಕಥೆಯಲ್ಲಿ ಅಪ್ಪ ಅಥವಾ ಅವ್ವ ಸಾಯುತ್ತಾರಾ? ಮನೆಯಲ್ಲಿ ಇತ್ತೀಚೆಗೆ ಸಾವು, ಅಪಘಾತ ಆಗಿದ್ದರೆ ಇದು ಬಹಳ ಮುಖ್ಯ.
5. ನಿಮ್ಮ ಮಗು ಕತ್ತಲೆಗೆ, ಜೋರು ಸದ್ದಿಗೆ ಹೆದರುತ್ತದಾ? ನೋಡಿದ್ದನ್ನೆಲ್ಲ ಮಾಡಿ ನೋಡುವ ಸ್ವಭಾವವಾ?
6. ಬೇಡವೆನಿಸಿದರೆ ಮಧ್ಯದಲ್ಲೇ ಎದ್ದು ಬರಲು ನೀವು ತಯಾರಿದ್ದೀರಾ? ‘ರೊಕ್ಕ ಕೊಟ್ಟೇವಿ’ ಎಂಬ ಕಾರಣಕ್ಕೆ ಅಳುವ ಮಗುವನ್ನು ಕೂರಿಸಬೇಡಿ. ಬಾಗಿಲ ಹತ್ತಿರದ ಸೀಟು ತೆಗೆದುಕೊಳ್ಳಿ.

ನೋಡಿದ ಮೇಲೆ ಹೇಗೆ ಮಾತಾಡುವುದು?

ಉಪದೇಶ ಬೇಡ, ಪ್ರಶ್ನೆ ಸಾಕು. ಬಸ್ಸಿನಲ್ಲಿ ಬರುವಾಗಲೋ ಊಟಕ್ಕೆ ಕೂತಾಗಲೋ ಕೇಳಿ:

– ತಮ್ಮಾ, ಅವ ಅಷ್ಟ ಮ್ಯಾಲಿಂದ ಬಿದ್ರೂ ಎದ್ದ ನಿಂತಾ. ಖರೇನ ಯಾರರ ಮಾಳಿಗಿ ಮ್ಯಾಲಿಂದ ಬಿದ್ರ ಏನಕ್ಕೈತಿ?
– ಆ ಕಟ್ಟಡ ಬಿತ್ತಲ್ಲ, ಅದರಾಗಿನ ಮಂದಿ ಏನಾದ್ರು?
– ಹೊಡಿಲಾರದ ಈ ಜಗಳಾ ಮುಗಸಾಕ ಬರ್ತಿತ್ತೇನು?
– ಯವ್ವಾ, ನಿನಗ ಯಾವಾಗ ಹೆದರಿಕಿ ಆತು?

ಆ ದೃಶ್ಯಗಳನ್ನು ಹಗ್ಗ ಕಟ್ಟಿ, ಹಸಿರು ಪರದೆಯ ಮುಂದೆ, ಕಂಪ್ಯೂಟರಿನಲ್ಲಿ ಮಾಡುತ್ತಾರೆ ಎಂದು ತೋರಿಸುವ ವಿಡಿಯೊಗಳಿವೆ. 7-8 ವರ್ಷ ದಾಟಿದ ಮಕ್ಕಳಿಗೆ ತೋರಿಸಿ. ಭಯ ಅರ್ಧ ಕಡಿಮೆಯಾಗುತ್ತದೆ, ಅನುಕರಿಸುವ ಆಸೆಯೂ ಇಳಿಯುತ್ತದೆ.

ಮಗು ಆಗಲೇ ಹೆದರಿಬಿಟ್ಟಿದ್ದರೆ? ಪುಟ್ಟ ಮಕ್ಕಳಿಗೆ ವಿವರಣೆಗಿಂತ ತಬ್ಬಿಕೊಳ್ಳುವುದು, ನೀರು ಕುಡಿಸುವುದು, ಪಕ್ಕದಲ್ಲಿ ಮಲಗುವುದು ಕೆಲಸ ಮಾಡುತ್ತದೆ. ದೊಡ್ಡ ಮಕ್ಕಳಿಗೆ ಮಾತು ಬೇಕು. ‘ಗಂಡುಹುಡುಗ ಆಗಿ ಹೆದರ್ತಿಯಾ?’ ಎಂದು ಯಾವ ವಯಸ್ಸಿನ ಮಗುವಿಗೂ ಹೇಳಬೇಡಿ. ಹೇಳಿದರೆ ಭಯ ಹೋಗುವುದಿಲ್ಲ, ಹೇಳಿಕೊಳ್ಳುವುದಷ್ಟೇ ನಿಲ್ಲುತ್ತದೆ. ಕೆಲವು ವಾರ ಕಳೆದರೂ ನಿದ್ದೆಯಲ್ಲಿ ಕಿರುಚುವುದು, ಒಂಟಿಯಾಗಿರಲು ಒಲ್ಲದಿರುವುದು, ಶಾಲೆ ಬೇಡ ಎನ್ನುವುದು ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಸಲಹೆ ಸಿಗುತ್ತದೆ.

ಮಿಥ್ಯೆ ಮತ್ತು ಸತ್ಯ

ಮಿಥ್ಯೆ: ಕಾರ್ಟೂನ್ ಅಂದರೆ ಮಕ್ಕಳದ್ದೇ.
ಸತ್ಯ: 2021ರಲ್ಲಿ ಬಂದ ‘ಇನ್ವಿನ್ಸಿಬಲ್’ ಅನಿಮೇಷನ್ ಸೂಪರ್‌ಹೀರೋ ಸರಣಿ. ಅದರಲ್ಲಿನ ರಕ್ತಪಾತ ದೊಡ್ಡವರಿಗಾಗಿಯೇ ಮಾಡಿದ್ದು.

ಮಿಥ್ಯೆ: ದೇವರ ಹೆಸರಿದ್ದರೆ ಎಲ್ಲ ವಯಸ್ಸಿಗೂ ಸರಿ.
ಸತ್ಯ: 2024ರ ತೆಲುಗು ಸೂಪರ್‌ಹೀರೋ ಸಿನಿಮಾ ‘ಹನುಮಾನ್’ ಕನ್ನಡದಲ್ಲೂ ಬಂತು. ಅದಕ್ಕೆ ಸಿಕ್ಕಿದ್ದು ಯು ಅಲ್ಲ, ಯುಎ. ದೈವದ ಕಥೆಯ ‘ಕಾಂತಾರ: ಅಧ್ಯಾಯ 1’ಕ್ಕೆ 2025ರಲ್ಲಿ ಯುಎ 16+ ಸಿಕ್ಕಿತು. ಭಕ್ತಿ ಬೇರೆ, ದೃಶ್ಯದ ತೀವ್ರತೆ ಬೇರೆ.

ಮಿಥ್ಯೆ: ಅಣ್ಣ ನೋಡುತ್ತಾನೆ, ತಂಗಿಯೂ ನೋಡಲಿ.
ಸತ್ಯ: 12 ವರ್ಷದವನಿಗೆ ಮಜಾ ಅನಿಸಿದ್ದು 5 ವರ್ಷದವಳಿಗೆ ದುಃಸ್ವಪ್ನ. ಮನೆಯ ಅತಿ ಚಿಕ್ಕ ಮಗುವನ್ನು ನೋಡಿ ತೀರ್ಮಾನಿಸಿ. ಇಲ್ಲವೇ ಚಿಕ್ಕವಳನ್ನು ಆಯಿಯ ಹತ್ತಿರ ಬಿಟ್ಟು, ದೊಡ್ಡವನನ್ನು ಮಾತ್ರ ಕರಕೊಂಡು ಹೋಗಿ.

ಮಿಥ್ಯೆ: ನಿದ್ದೆ ಮಾಡುವ ಕೂಸಿಗೆ ಏನೂ ಆಗುವುದಿಲ್ಲ.
ಸತ್ಯ: ಕಣ್ಣು ಮುಚ್ಚಿದರೂ ಕಿವಿ ಮುಚ್ಚುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ‘ಮಕ್ಕಳಿಗೆ ತಪ್ಪದೇ ತೋರಿಸಿ’ ಅಥವಾ ‘ಮಕ್ಕಳಿಗೆ ತೋರಿಸಲೇಬೇಡಿ’ ಎಂಬ ಸಂದೇಶ ಬಂದರೆ, ಎಷ್ಟು ವಯಸ್ಸಿನ ಮಕ್ಕಳಿಗೆ ಎಂದು ಅದರಲ್ಲಿ ಬರೆದಿದೆಯಾ ನೋಡಿ. ವಯಸ್ಸು ಇಲ್ಲದ ಸಲಹೆ, ಎಷ್ಟು ಗುಳಿಗೆ ಎಂದು ಬರೆಯದ ಔಷಧ ಚೀಟಿ ಇದ್ದ ಹಾಗೆ. ಕಳಿಸಲೇಬೇಕೆಂದರೆ ಸಿನಿಮಾದ ಹೆಸರು, ಪ್ರಮಾಣಪತ್ರ, ಹೆದರಿಸುವ ಎರಡು ದೃಶ್ಯ, ಇಷ್ಟನ್ನು ನೀವೇ ಬರೆದು ಕಳಿಸಿ. ನಿಮ್ಮ ಗುಂಪಿನಲ್ಲಿರುವ ಯಾವುದೋ ಮನೆಯ ಐದು ವರ್ಷದ ಕೂಸು ಆ ರಾತ್ರಿ ನೆಮ್ಮದಿಯಾಗಿ ಮಲಗಲು ಅದು ಸಾಕಾಗಬಹುದು.